ಜೈನ ಕಥಾಸಾಹಿತ್ಯದಲ್ಲಿ ಉತ್ತಮಪುರುಷ ನಿರೂಪಣೆ

ಕಥೆಯನ್ನು ನಾಯಕನೇ ಹೇಳಬೇಕೆ, ಅನ್ಯರು ಹೇಳಬೇಕೆ ಎಂಬ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರು ಬಹು ಹಿಂದೆಯೇ ಎತ್ತಿದ್ದಾರೆ. ಭಾಮಹನು ಕಾವ್ಯಾಲಂಕಾರದಲ್ಲಿ ಆಖ್ಯಾಯಿಕೆಗೂ ಕಥೆಗೂ ಭೇದವನ್ನು ಕಲ್ಪಿಸಿ, ಮೊದಲನೆಯದರಲ್ಲಿ ನಾಯಕನು ತನ್ನ ವೃತ್ತಾಂತವನ್ನು ತಾನೇ ಹೇಳುತ್ತಾನೆ, ಎರಡನೆಯದರಲ್ಲಿ ಬೇರೆಯವರು ಹೇಳುತ್ತಾರೆ ಎಂದನು. ಕುಲೀನನಾದವನು ತನ್ನ ಗುಣಗಳನ್ನು ತಾನೇ ಸಾರಿಕೊಳ್ಳುವುದು ಹೇಗೆ ಎಂಬ ಸಂಕೋಚ ಅವನದು. ದಂಡಿಯು ಈ ವಿಭಾಗವನ್ನು ಒಪ್ಪಲಿಲ್ಲ. ನಡೆದುದನ್ನು ನಡೆದಂತೆ ನುಡಿಯುವವನಿಗೆ ಸ್ವಗುಣಕಥನದ ದೋಷ ತಟ್ಟದೆಂದು ಕಾವ್ಯಾದರ್ಶದಲ್ಲಿ ವಾದಿಸಿ, ಎರಡೂ ಒಂದೇ ಜಾತಿಗೆ ಸೇರಿದುವೆಂದು ತೀರ್ಮಾನಿಸಿದನು. ಈ ವಾದವನ್ನು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಆದರೆ ವಾದಿ ಪ್ರತಿವಾದಿಗಳಿಬ್ಬರೂ ಒಂದು ಸಂಗತಿಯನ್ನು ವಿಚಾರಮಾಡದೆಯೇ ಅಂಗೀಕರಿಸಿದ್ದಾರೆ. ‘ನಾನು’ ಎಂದು ಕಥೆ ಹೇಳುವವನು ಹೇಳುವುದು ತನ್ನ ಗುಣಗಳನ್ನೇ ಎಂದು. ತನ್ನ ದೋಷವನ್ನು ಹೇಳಲೆಂದೇ ಬಾಯ್ದೆರೆಯುವ ನಾಯಕನೊಬ್ಬನಿರಬಹುದೆಂಬುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ.

ಜೈನ ಕಥಾಸಾಹಿತ್ಯದಲ್ಲಿ ಬರುವವನು ಇಂಥ ನಾಯಕನೇ. ಸಂಘದಾಸಗಣಿಯ ವಸುದೇವಹಿಂಡಿಯಲ್ಲಿ ವಸುದೇವನು ತನ್ನ ದೇಶಾಟನೆಯನ್ನು ಮೊಮ್ಮಕ್ಕಳಿಗೆ ತಾನೇ ಹೇಳುತ್ತಾನೆ. ಅಲ್ಲಿನ್ನೂ ಸಾಹಸದ ಸವಿ ಹೆಚ್ಚು. ಪಾದಲಿಪ್ತರ ತರಂಗವತಿಯು ಮೂಲರೂಪದಲ್ಲಿ ನಷ್ಟವಾಗಿ ತರಂಗಲೋಲಾ ಎಂಬ ಸಂಕ್ಷೇಪದಲ್ಲಿ ಉಳಿದಿದೆ. ಅದರಲ್ಲಿ ಭಿಕ್ಷೆಗೆ ಬಂದ ಸಾಧ್ವಿಯೊಬ್ಬಳು ಗೃಹಿಣಿಯ ಪ್ರಶ್ನೆಗೆ ಉತ್ತರವಾಗಿ ತನ್ನ ಪೂರ್ವವೃತ್ತಾಂತವನ್ನು ಬಿಚ್ಚುತ್ತಾಳೆ. ಸಿದ್ಧರ್ಷಿಯು ಕ್ರಿ.ಶ. 906ರಲ್ಲಿ ಮುಗಿಸಿದ ಉಪಮಿತಿಭವಪ್ರಪಂಚಾ ಕಥೆಯಲ್ಲಂತೂ ವಧ್ಯಸ್ಥಾನಕ್ಕೆ ಒಯ್ಯಲ್ಪಡುತ್ತಿರುವ ಕಳ್ಳನ ರೂಪದಲ್ಲಿ ಸಂಸಾರಿಜೀವನೇ ನಿಂತು, ನಿಗೋದದಿಂದ ಮೊದಲ್ಗೊಂಡು ತಾನು ಅಲೆದ ಭವಗಳನ್ನೆಲ್ಲ ಸದಾಗಮನ ಸನ್ನಿಧಿಯಲ್ಲಿ ಒಪ್ಪಿಸುತ್ತಾನೆ. ಬಹು ಕಾಲದ ಮೇಲೆ, 1641ರಲ್ಲಿ, ಆಗ್ರಾದಲ್ಲಿ ಬನಾರಸೀದಾಸನು ತನ್ನ 55 ವರ್ಷಗಳ ಬಾಳನ್ನು ಅರ್ಧಕಥಾನಕವೆಂಬ ಹೆಸರಿನಿಂದ ಬರೆದಾಗಲೂ ತನ್ನ ಗುಣಗಳ ಪಟ್ಟಿಯ ಬೆನ್ನಿಗೇ ದೋಷಗಳ ಪಟ್ಟಿಯನ್ನೂ ಇಟ್ಟನು. ಕನ್ನಡದಲ್ಲಿ ಈ ಪರಂಪರೆಗೆ ಅತ್ಯುತ್ತಮ ನಿದರ್ಶನ ಜನ್ನನ ಯಶೋಧರಚರಿತೆ. ಅದು ಕ್ರಿ.ಶ. 1209ರ ಕೃತಿ; ನಾಲ್ಕು ಅವತಾರಗಳಲ್ಲಿ ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ನಡೆಯುವಂಥದು. ಅದಕ್ಕೂ ಹಿಂದೆ ಸೋಮದೇವಸೂರಿಯು ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಬರೆದಿದ್ದನು. ಎರಡರಲ್ಲಿಯೂ ಕಥೆಯನ್ನು ಹೇಳುವವನು ಬಲಿಗೆಂದು ಹಿಡಿತರಲ್ಪಟ್ಟ ಅಭಯರುಚಿ. ಕೇಳುವವನು ಬಲಿಗೊಡಲು ಸಿದ್ಧನಾಗಿ ನಿಂತ ಮಾರಿದತ್ತ.

ಈ ನಿರೂಪಣೆಯ ಮೂಲವನ್ನು ಕಾವ್ಯಶಾಸ್ತ್ರದಲ್ಲಿ ಅಲ್ಲ, ಆಚಾರಶಾಸ್ತ್ರದಲ್ಲಿ ಹುಡುಕಬೇಕೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವು ಒಂಬತ್ತು ಬಗೆಯೆಂದು ಹೇಳಿ ಮೊದಲು ಹೆಸರಿಸಿರುವುದು ಆಲೋಚನೆಯನ್ನು. ಇಂದಿನ ಕನ್ನಡದಲ್ಲಿ ಆ ಶಬ್ದವು ಬರಿಯ ಯೋಚನೆಯೆಂಬ ಅರ್ಥಕ್ಕೆ ಇಳಿದುಹೋಗಿದೆ. ಆಗಮದಲ್ಲಿ ಅದು ಗುರುವಿನ ಮುಂದೆ ತನ್ನ ದೋಷವನ್ನು ತಾನೇ ಮುಚ್ಚುಮರೆಯಿಲ್ಲದೆ ನಿವೇದಿಸಿಕೊಳ್ಳುವುದು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಸಲ್ಲೇಖನಕ್ಕೆ ಸಿದ್ಧನಾದ ಕ್ಷಪಕನು ಆಲೋಚನೆಯನ್ನು ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂಬುದಕ್ಕೆ ದೀರ್ಘವಾದ ಪ್ರಕರಣವೇ ಇದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಅದೇ ಆರಾಧನಾ ಪರಂಪರೆಯಲ್ಲಿ ಹುಟ್ಟಿದುವೆಂಬುದನ್ನು ಇಲ್ಲಿ ನೆನೆಯಬಹುದು.

ಆಲೋಚನೆಗೆ ಹತ್ತು ದೋಷಗಳು: ಆಕಂಪಿತ, ಅನುಮಾನಿತ, ದೃಷ್ಟ, ಬಾದರ, ಸೂಕ್ಷ್ಮ, ಛನ್ನ, ಶಬ್ದಾಕುಲಿತ, ಬಹುಜನ, ಅವ್ಯಕ್ತ, ತತ್ಸೇವಿ. ಪಂಡಿತರಿಗೆ ಇವು ಕಂಠಪಾಠ. ಆದರೂ ಕಥನದ ದೃಷ್ಟಿಯಿಂದ ಇವನ್ನು ಇನ್ನೊಮ್ಮೆ ನೋಡತಕ್ಕದ್ದು. ಉಪಕರಣಾದಿಗಳನ್ನು ಅರ್ಪಿಸಿ ಗುರುವಿನ ಮನವನ್ನು ಕರಗಿಸಿಕೊಂಡು, ಪ್ರಾಯಶ್ಚಿತ್ತ ಹಗುರವಾಗಲೆಂದು ಹೇಳುವವನು ಆಕಂಪಿತದೋಷಿ. ತಾನು ದುರ್ಬಲನೆಂದು ಮೊದಲೇ ಸೂಚಿಸಿ, ಗುರುವಿನ ಒಲವನ್ನು ಅಳೆದು ಹೇಳುವವನು ಎರಡನೆಯವನು. ಇತರರು ಕಂಡುದನ್ನಷ್ಟೇ ಹೇಳಿ ಕಾಣದುದನ್ನು ನುಂಗಿಕೊಳ್ಳುವವನು ಮೂರನೆಯವನು. ದೊಡ್ಡ ತಪ್ಪನ್ನು ಹೇಳಿ ಸಣ್ಣದನ್ನು ಬಿಡುವವನೊಬ್ಬ. ಸಣ್ಣದನ್ನು ಹೇಳಿಕೊಂಡು, ಇಷ್ಟು ಸಣ್ಣದನ್ನೂ ಬಿಡದವನು ದೊಡ್ಡದನ್ನು ಮುಚ್ಚಿಟ್ಟಾನೆಯೆ ಎಂಬ ಭಾವನೆ ಹುಟ್ಟಿಸುವವನು ಇನ್ನೊಬ್ಬ. ಪಾಕ್ಷಿಕಾದಿ ಪ್ರತಿಕ್ರಮಣದ ಗದ್ದಲದಲ್ಲಿ ಗುರುವಿಗೆ ಕೇಳಿಸದಂತೆ ಹೇಳಿಬಿಡುವವನುಂಟು. ತನ್ನಂಥದೇ ದೋಷವುಳ್ಳವನನ್ನು ಹುಡುಕಿಕೊಂಡು ಹೋಗಿ ಹೇಳುವವನುಂಟು. ಪಾಶ್ಚಾತ್ಯ ವಿಮರ್ಶಕನಾದ ವೇನ್ ಬೂತ್ 1961ರಲ್ಲಿ ‘ನಂಬಲರ್ಹನಲ್ಲದ ನಿರೂಪಕ’ನೆಂಬ ಪರಿಭಾಷೆಯನ್ನು ತಂದನು, ಅಂದಿನಿಂದ ಕಾದಂಬರಿಯ ವಿಮರ್ಶೆಯಲ್ಲಿ ಅದಕ್ಕೆ ಬಹಳ ಬಳಕೆ. ‘ನಾನು’ ಎಂದು ಹೇಳುವವನು ಎಷ್ಟು ಬಗೆಯಲ್ಲಿ ಸುಳ್ಳಾಗಬಲ್ಲನೆಂಬುದನ್ನು ನಮ್ಮ ಆಚಾರ್ಯರು ಹತ್ತು ಹೆಸರಿಟ್ಟು ಎಣಿಸಿದ್ದರೆಂಬುದು ಆ ವಿಮರ್ಶಕರಿಗೆ ತಿಳಿದಿದ್ದರೆ ಸಂತೋಷಪಡುತ್ತಿದ್ದರು. ಆಚಾರ್ಯರ ಉದ್ದೇಶವು ಕಾವ್ಯವಿಮರ್ಶೆಯಾಗಿರಲಿಲ್ಲವೆಂಬುದು ಬೇರೆ ಮಾತು.

ಈ ಹತ್ತರಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು ಆರನೆಯದು, ಛನ್ನ. ಇಂಥ ವ್ರತಾತಿಚಾರವು ಉಂಟಾದರೆ ಪ್ರಾಯಶ್ಚಿತ್ತವೇನು ಎಂದು, ಯಾರದೋ ಮಾತೆಂಬಂತೆ, ಉಪಾಯದಿಂದ ಗುರುವನ್ನು ಕೇಳಿ ತಿಳಿದುಕೊಂಡು ಹೋಗುವುದು ಛನ್ನದೋಷವೆಂದು ವ್ಯಾಖ್ಯಾನಕಾರರ ವಿವರಣೆ. ಎಂದರೆ ತಪ್ಪು ಪೂರ್ತಿಯಾಗಿ ಹೇಳಲ್ಪಟ್ಟಿದೆ, ಎಳ್ಳಷ್ಟೂ ಬಿಟ್ಟಿಲ್ಲ; ಬಿಟ್ಟಿರುವುದು ಉತ್ತಮಪುರುಷವನ್ನು ಮಾತ್ರ. ‘ಮಾಡಿದೆನು’ ಎನ್ನಬೇಕಾದಲ್ಲಿ ‘ಮಾಡಿದನು’ ಎಂದುದಷ್ಟೇ ಅಪರಾಧ. ವ್ಯಾಕರಣದ ಒಂದು ಪ್ರತ್ಯಯಕ್ಕೆ ಇಷ್ಟು ಗುರುತರವಾದ ನೈತಿಕ ಭಾರವನ್ನು ಹೊರಿಸಿದ ಶಾಸ್ತ್ರವು ಬೇರೆಲ್ಲಿಯಾದರೂ ಉಂಟೋ, ವಿದ್ವಾಂಸರು ತಿಳಿಸಬೇಕು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಅಭಯರುಚಿಯು ತನ್ನ ಪೂರ್ವಭವವನ್ನು ಹೇಳುವಾಗ ಯಶೋಧರನನ್ನು ಹೆಸರಿಟ್ಟು, ಉಜ್ಜಯಿನಿಯ ಅರಸನೊಬ್ಬನೆಂಬಂತೆ ಕಥೆಯಲ್ಲಿ ನಿಲ್ಲಿಸುತ್ತಾನಲ್ಲ, ಅದು ಛನ್ನವಾಗದೆ? ಆಗದು. ಏಕೆಂದರೆ ದ್ರವ್ಯಾರ್ಥಿಕ ನಯದಿಂದ ನೋಡಿದರೆ ಯಶೋಧರನಾಗಿದ್ದ ಜೀವವೂ, ನವಿಲಾಗಿ ಮೀನಾಗಿ ಆಡಾಗಿ ಕೋಳಿಯಾಗಿ ತೊಳಲಿದ ಜೀವವೂ, ಈಗ ಮಾರಿದತ್ತನ ಮುಂದೆ ನಿಂತಿರುವ ಕುಮಾರನೂ ಒಂದೇ; ಆಗ ‘ನಾನು’ ಎಂಬುದೇ ಸರಿ. ಪರ್ಯಾಯಾರ್ಥಿಕ ನಯದಿಂದ ನೋಡಿದರೆ ಆ ಅರಸು ಅಳಿದಿದ್ದಾನೆ, ಆ ನವಿಲು ಅಳಿದಿದೆ. ಆಗ ‘ಅವನು’, ‘ಅದು’ ಎಂಬುದೇ ಸರಿ. ಭವಾವಳಿಯನ್ನು ಹೇಳುವವನು ಎರಡು ನಯಗಳ ನಡುವೆ ಓಡಾಡುವುದು ಅನಿವಾರ್ಯ. ಆದರೆ ಆ ಅರಸನೇ ತಾನೆಂಬ ಗಂಟನ್ನು ಕೇಳುವವನ ಎದುರಿನಲ್ಲಿ ಎಲ್ಲಿಯಾದರೂ ಒಂದು ಕಡೆ ಬಿಗಿಯಾಗಿ ಕಟ್ಟಬೇಕು. ಕಟ್ಟಿದ್ದರೆ ಉಳಿದೆಡೆಯ ಪ್ರಥಮಪುರುಷವೆಲ್ಲ ಪರ್ಯಾಯಕಥನ. ಕಟ್ಟದಿದ್ದರೆ ಅದೆಲ್ಲ ಛನ್ನ. ಹಿಟ್ಟಿನ ಕೋಳಿಯನ್ನು ಕೊಯ್ದವನು ಯಾರೋ ಯಶೋಧರನಾದರೆ ಮಾರಿದತ್ತನಿಗೆ ಅದೊಂದು ಕಥೆ. ಕೊಯ್ದವನು ತನ್ನೆದುರು ನಿಂತಿರುವ ಈ ಕುಮಾರನೇ ಆದರೆ, ಸಂಕಲ್ಪಹಿಂಸೆಯ ಫಲವನ್ನು ಉಂಡವನ ಬಾಯಿಂದಲೇ ಅವನು ಕೇಳುತ್ತಿದ್ದಾನೆ. ಅವನ ಕೈಯ ಕತ್ತಿ ತಗ್ಗುವುದು ಎರಡನೆಯದರಿಂದ. ತತ್ಸೇವಿದೋಷದಲ್ಲಿ ದೋಷಿಯು ತನ್ನಂಥವನ ಬಳಿಗೆ ಹೋಗುವುದು ತನ್ನ ತಪ್ಪನ್ನು ಹಗುರಮಾಡಿಕೊಳ್ಳಲು. ಇಲ್ಲಿಯೂ ಕೇಳುವವನು ಅದೇ ದೋಷದ ಅಂಚಿನಲ್ಲಿರುವವನೇ. ಆದರೆ ಹೇಳಿಕೆಯಿಂದ ಹಗುರವಾಗುವುದು ಕೇಳುವವನ ಭಾರ.

ಹೇಳುವವನಿಗೆ ಇದೆಲ್ಲ ತಿಳಿದುದು ಹೇಗೆಂಬುದು ಮುಂದಿನ ಪ್ರಶ್ನೆ. ಪಾಶ್ಚಾತ್ಯ ವಿಮರ್ಶೆಯಲ್ಲಿ ಕಥೆಗಾರನನ್ನು ‘ಸರ್ವಜ್ಞ ನಿರೂಪಕ’ನೆಂದು ಸಲೀಸಾಗಿ ಕರೆದುಬಿಡುತ್ತಾರೆ. ನಮ್ಮಲ್ಲಿ ಆ ಶಬ್ದವನ್ನು ಅಷ್ಟು ಅಗ್ಗವಾಗಿ ಬಳಸುವಂತಿಲ್ಲ. ಪುರಾಣಗಳಲ್ಲಿ ಶ್ರೇಣಿಕನು ಕೇಳಿ ಗೌತಮ ಗಣಧರರು ಹೇಳುವ ಚೌಕಟ್ಟು ಇರುವುದೇ, ಸರ್ವಜ್ಞತ್ವವು ಕವಿಯದಲ್ಲ, ತೀರ್ಥಂಕರರದು. ಕವಿಗೆ ಬಂದಿರುವುದು ಪರಂಪರೆಯಿಂದ ಎಂದು ತೋರಿಸಲು. ಹಾಗೆಯೇ ‘ನಾನು’ ಎಂದು ಭವಾಂತರವನ್ನು ಹೇಳುವವನಿಗೆ ಜಾತಿಸ್ಮರಣವಿರಬೇಕು. ಅದು ಸ್ಮೃತಿಯಾದುದರಿಂದ ಮತಿಜ್ಞಾನದಲ್ಲಿಯೇ ಅಡಕ. ತಾನು ಅನುಭವಿಸಿದುದನ್ನು ಮೀರಿ ಒಂದು ಹೆಜ್ಜೆಯೂ ಮುಂದೆ ಹೋಗಲಾರದು. ಯಶೋಧರನ ಕಥೆಯನ್ನು ಈ ಒರೆಗಲ್ಲಿಗೆ ಹಚ್ಚಿನೋಡಿರಿ. ಅಮೃತಮತಿಯ ಹಿಂದೆಯೇ ಹೋಗಿ ಅಷ್ಟಾವಂಕನ ಎಡೆಯಲ್ಲಿ ಅರಸನು ಕಂಡುದು ಅವನ ಸ್ವಾನುಭವ. ಅದನ್ನು ಸ್ಮರಣೆಯಿಂದ ಹೇಳಬಲ್ಲ. ಆದರೆ ಅವಳು ಮಾವುತನ ಹಾಡನ್ನು ಕೇಳಿ ಸೋತುದು, ಸಖಿಯನ್ನು ಅಟ್ಟಿದುದು, ಸಖಿಯು ಅವನ ಕುರೂಪವನ್ನು ಕಂಡು ಬಂದು ಹೇಳಿದುದು, ಅದಕ್ಕೆ ಇವಳು ಕೊಟ್ಟ ಉತ್ತರ ಇವೊಂದೂ ಅವನ ಕಿವಿಗೆ ಬಿದ್ದುವಲ್ಲ. ಕಾವ್ಯದಲ್ಲಿ ಅತ್ಯಂತ ಪ್ರಸಿದ್ಧವಾದ ಮಾತುಗಳು ಇರುವುದು ಅಲ್ಲಿಯೇ!

ಕವಿಯು ಎಚ್ಚರದಪ್ಪಿದನೆಂದು ಹೇಳುವುದು ಸುಲಭ. ಆದರೆ ಕಥೆಯಲ್ಲಿಯೇ ಸಮಾಧಾನವಿದೆ. ಅಭಯರುಚಿ ಅಭಯಮತಿಯರಿಗೆ ಜಾತಿಸ್ಮರಣ ಉಂಟಾದುದು ತಾನೇ ತಾನಾಗಿ ಅಲ್ಲ. ಸುದತ್ತಾಚಾರ್ಯರು ಯಶೋಮತಿಗೆ ಅವನ ತಂದೆಯ ಮತ್ತು ಅಜ್ಜಿಯ ಗತಿಯನ್ನು ತಿಳಿಸುವಾಗ ಅದನ್ನು ಕೇಳಿ. ಆದುದರಿಂದ ಅವನ ‘ನಾನು’ ಎಂಬುದರಲ್ಲಿ ಎರಡು ಎಳೆಗಳು ಹೊಸೆದುಕೊಂಡಿವೆ. ಒಂದು ತನ್ನ ಸ್ಮೃತಿ, ಇನ್ನೊಂದು ಗುರುಮುಖದಿಂದ ಬಂದ ಶ್ರುತ. ತಾನು ಕಾಣದುದನ್ನು ಹೇಳುವಾಗ ಅವನು ಶ್ರುತವನ್ನು ಹೇಳುತ್ತಿದ್ದಾನೆ. ಇದರಲ್ಲಿಯೂ ಒಂದು ಸೂಕ್ಷ್ಮವುಂಟು. ಅವಧಿಜ್ಞಾನವು ರೂಪಿದ್ರವ್ಯಕ್ಕೆ ಸೀಮಿತವಾದುದು. ಪರರ ಮನೋಗತವನ್ನು ಅರಿಯಲು ಮನಃಪರ್ಯಯ ಬೇಕು. ಜನ್ನನು ಅಮೃತಮತಿಯ ಅಂತರಂಗವನ್ನು ಬಹುಮಟ್ಟಿಗೆ ಅವಳ ಮಾತಿನಿಂದ, ಚರ್ಯೆಯಿಂದ ತೋರಿಸುವುದರಿಂದ ಈ ತೊಡಕೂ ಅಷ್ಟಾಗಿ ಬಾಧಿಸುವುದಿಲ್ಲ. ಗಿರೀಶ ಕಾರ್ನಾಡರು ಇದೇ ವಸ್ತುವಿನಿಂದ ‘ಹಿಟ್ಟಿನ ಹುಂಜ’ ನಾಟಕವನ್ನು ರಚಿಸಿದಾಗ ಅರಸ, ಅರಸಿ, ರಾಜಮಾತೆ, ಮಾವುತರನ್ನು ಉಳಿಸಿಕೊಂಡು ಅಭಯರುಚಿಯನ್ನು ಕೈಬಿಟ್ಟರು. ನಾಟಕಕ್ಕೆ ಅದು ಸಹಜ. ಆದರೆ ಹೇಳುವವನು ಹೋದಾಗ ಆಲೋಚನೆಯೂ ಹೋಯಿತು; ಉಳಿದುದು ದಾಂಪತ್ಯದ ಸಂಕಟ ಮತ್ತು ಹಿಂಸೆಯ ಚರ್ಚೆ.

ಸ್ಮೃತಿಯ ‘ನಾನು’ ನಿಜವೇ ಸುಳ್ಳೇ ಎಂದು ಪರೀಕ್ಷಿಸುವ ಬಗೆಯನ್ನೂ ನಮ್ಮ ಕಾವ್ಯಗಳು ಬಲ್ಲವು. ಆದಿಪುರಾಣದ ಶ್ರೀಮತಿಯ ಪ್ರಸಂಗವು ಇದಕ್ಕೆ ಸಾಕ್ಷಿ. ಕೇವಲಿಪೂಜೆಗೆ ಬಂದ ದೇವತೆಗಳನ್ನು ಕಂಡು ಅವಳಿಗೆ ಲಲಿತಾಂಗನ ನೆನಪಾಗುತ್ತದೆ. ತಾನು ನಿರ್ನಾಮಿಕೆಯಾಗಿದ್ದುದನ್ನೂ ಸ್ವಯಂಪ್ರಭೆಯಾದುದನ್ನೂ ಪಂಡಿತೆಯೆಂಬ ದಾದಿಗೆ ತಾನೇ ಹೇಳುತ್ತಾಳೆ. ಆ ಬಳಿಕ ಪೂರ್ವಭವವನ್ನು ಪಟದಲ್ಲಿ ಬರೆದು, ಕೆಲವು ಸಂಗತಿಗಳನ್ನು ಗೂಢವಾಗಿರಿಸಿ, ಜಿನಾಲಯಕ್ಕೆ ಕಳುಹಿಸುತ್ತಾಳೆ. ಕಂಡವರೆಲ್ಲ ತಾನೇ ಅವಳ ಇನಿಯನೆನ್ನಬಹುದು. ಆದರೆ ಗೂಢವನ್ನು ಬಿಡಿಸಿ ಹೇಳಬಲ್ಲವನು ಅದನ್ನು ಅನುಭವಿಸಿದವನೊಬ್ಬನೇ. ವಜ್ರಜಂಘನು ಪಟವನ್ನು ಕಂಡು ಗುರುತಿಸುವುದು ಹಾಗೆ. ಜಿನಸೇನಾಚಾರ್ಯರಿಂದ ಬಂದ ಈ ಸಂದರ್ಭವನ್ನು ಪಂಪನು ಕ್ರಿ.ಶ. 941ರಲ್ಲಿ ಕನ್ನಡಕ್ಕೆ ತಂದನು. ‘ನಾನು’ ಎಂಬವನಿಗೆ ಮಾತ್ರ ತಿಳಿದಿರಬಹುದಾದ ಒಂದು ವಿವರವೇ ಅವನ ಪ್ರಮಾಣಪತ್ರವೆಂಬ ಈ ಕಲ್ಪನೆ ನನಗೆ ಇಡೀ ಭವಾವಳಿಯಲ್ಲಿ ಅತ್ಯಂತ ಪ್ರಿಯವಾದ ಭಾಗ.

ಇನ್ನು ಓಲೆಯ ವಿಚಾರ. ಜನ್ನನಿಗೆ ಸೋದರಳಿಯನಾದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆಖ್ಯಾತಪ್ರತ್ಯಯಗಳನ್ನು ಅಂ, ಅರ್, ಅಯ್, ಇರ್, ಎಂ, ಎವು ಎಂದು ಕ್ರಮವಾಗಿ ಇಟ್ಟಿದ್ದಾನೆ. ಪ್ರಥಮಪುರುಷ ಏಕವಚನಕ್ಕೆ ‘ಅಂ’, ಉತ್ತಮಪುರುಷಕ್ಕೆ ‘ಎಂ’. ‘ಕೊಂದಂ’ ಎಂದರೆ ಅವನು ಕೊಂದನು. ‘ಕೊಂದೆಂ’ ಎಂದರೆ ನಾನು ಕೊಂದೆನು. ತಾಳೆಯೋಲೆಯಲ್ಲಿ ಈ ಎರಡಕ್ಕೂ ಇರುವ ಅಂತರವು ದಕಾರದ ತಲೆಯ ಮೇಲೆ ತಲೆಕಟ್ಟು ಇದೆಯೋ ಎತ್ವ ಇದೆಯೋ ಎಂಬುದಷ್ಟೇ. ಕಂಟದ ಒಂದು ಸಣ್ಣ ತಿರುವು. ಮಸಿ ಸರಿಯಾಗಿ ಹಿಡಿಯದಿದ್ದರೆ, ಹುಳು ಅಕ್ಷರದ ತಲೆಯನ್ನು ತಿಂದಿದ್ದರೆ, ಓಲೆಯ ಮೇಲಂಚು ಒಡೆದು ಹೋಗಿದ್ದರೆ ಕೊಂದವನು ಯಾರೆಂಬುದು ಕಾಣದು. ಪ್ರತಿಗಳಲ್ಲಿ ಇತರ ಪಾಠಗಳು ಭಿನ್ನವಾದಾಗ ಸಂಪಾದಕನು ಛಂದಸ್ಸಿನ ಮೊರೆಹೋಗುತ್ತಾನೆ. ಇಲ್ಲಿ ಛಂದಸ್ಸೂ ಮೂಕ. ‘ಕೊಂದೆಂ’, ‘ಕೊಂದಂ’ ಎರಡೂ ಎರಡು ಗುರುಗಳ ನಾಲ್ಕು ಮಾತ್ರೆ. ಕಂದದ ಗಣಕ್ಕೆ ಎರಡೂ ಒಪ್ಪುತ್ತವೆ. ಪ್ರಾಸವನ್ನು ನೋಡೋಣವೆಂದರೆ ಪ್ರಾಸಕ್ಕೆ ವ್ಯಂಜನ ಮುಖ್ಯವೇ ಹೊರತು ಅದರ ಮೇಲಿನ ಸ್ವರವಲ್ಲ. ಪದ್ಯದ ಆದಿಯಲ್ಲಿ ಆ ಶಬ್ದವಿದ್ದರೂ ಪ್ರಾಸವು ಸಾಕ್ಷಿ ಹೇಳದು.

ಆದುದರಿಂದ ಇಂಥ ಪಾಠಾಂತರಗಳನ್ನು ಲಿಪಿಕಾರನ ಸಾಮಾನ್ಯ ಸ್ಖಾಲಿತ್ಯವೆಂದು ಅಡಿಟಿಪ್ಪಣಿಗೂ ತಾರದೆ ಬಿಡುವುದು ಉಚಿತವಲ್ಲ. ಸಮೀಪದಲ್ಲಿ ‘ಎನ್ನ’ ಇದೆಯೋ ‘ತನ್ನ’ ಇದೆಯೋ ನೋಡಬೇಕು. ‘ತನ್ನ’ ಇದ್ದಲ್ಲಿ ‘ಅಂ’ ಸಹಜ, ‘ಎನ್ನ’ ಇದ್ದಲ್ಲಿ ‘ಎಂ’. ಸಂಬೋಧನೆ ಯಾರಿಗೆಂದು ನೋಡಬೇಕು. ಎರಡೂ ನೆರವಾಗದಿದ್ದಲ್ಲಿ, ಹೇಳಲ್ಪಟ್ಟ ಸಂಗತಿಯು ಸ್ಮೃತಿಗೆ ಸೇರಿದುದೋ ಶ್ರುತಕ್ಕೆ ಸೇರಿದುದೋ ಎಂದು ಕೇಳಿಕೊಳ್ಳಬೇಕು. ಕರ್ತೃತ್ವ ಭೋಕ್ತೃತ್ವಗಳ ಗಂಟು ಕಟ್ಟಲ್ಪಡುವ ಪದ್ಯದಲ್ಲಂತೂ ಒಂದೇ ಪ್ರತಿಯ ಮೇಲೆ ಭಾರಹಾಕದೆ ದೊರೆತ ಪ್ರತಿಗಳನ್ನೆಲ್ಲ ನೋಡದ ಹೊರತು ಪಾಠವನ್ನು ನಿರ್ಣಯಿಸಬಾರದು. ಒಂದು ಎತ್ವ ಅಳಿಸಿಹೋದುದರಿಂದ ಅಭಯರುಚಿಯಂಥವನು ಛನ್ನದೋಷಿಯಾದಾನು! ಲಿಪಿಕಾರನಿಗಾದರೋ ಈ ಭಯವಿಲ್ಲ. ಗ್ರಂಥಾಂತ್ಯದಲ್ಲಿ ಅವನೂ ಉತ್ತಮಪುರುಷದಲ್ಲಿ ಬಂದು ನಿಲ್ಲುತ್ತಾನೆ. ಪ್ರತಿಯಲ್ಲಿ ಕಂಡಂತೆ ಬರೆದಿದ್ದೇನೆ, ಶುದ್ಧವಿರಲಿ ಅಶುದ್ಧವಿರಲಿ ನನ್ನ ಮೇಲೆ ದೋಷವಿಡಬೇಡಿರಿ ಎಂಬ ಅರ್ಥದ ಮಾತು ಎಷ್ಟು ಪ್ರತಿಗಳಲ್ಲಿಲ್ಲ? ಆಲೋಚನೆಗೆ ತದ್ವಿರುದ್ಧವಾದ ‘ನಾನು’ ಅದು. ಬೆನ್ನು ಬಾಗಿ ಕಣ್ಣು ನೊಂದು ಬರೆದವನ ಮೇಲೆ ಕೋಪ ಬಾರದು.

ಓಲೆಯಲ್ಲಿ ಕಣ್ಣಿಗೆ ತಪ್ಪುವುದು ಕಿವಿಗೆ ತಪ್ಪುವುದಿಲ್ಲವೆಂಬುದನ್ನು ಕುಂದಾಪುರ ಸೀಮೆಯ ಆಡುನುಡಿಯು ಚೆನ್ನಾಗಿ ತೋರಿಸುತ್ತದೆ. ಶಂಕರನಾರಾಯಣ, ಹಾಲಾಡಿ, ಸಿದ್ದಾಪುರಗಳ ಕಡೆ ‘ಬತ್ತೆ’ ಎಂದರೆ ನಾನು ಬರುತ್ತೇನೆ. ‘ಬತ್ತ’ ಎಂದರೆ ಅವನು ಬರುತ್ತಾನೆ. ‘ಹೋತೆ’, ‘ಹೋತ’ ಎಂಬಲ್ಲಿಯೂ ಹಾಗೆಯೇ. ಕರ್ತೃಪದವನ್ನೇ ಬಿಟ್ಟು ಮಾತನಾಡಿದರೂ ಕೊನೆಯ ಸ್ವರವೊಂದರಿಂದಲೇ ಪುರುಷಭೇದ ತಿಳಿಯುತ್ತದೆ. ಅಲ್ಲಿಯ ಮಕ್ಕಳೂ ಎರಡನ್ನು ಬೆರೆಸುವುದಿಲ್ಲ. ಕೇಶಿರಾಜನ ‘ಅಂ’, ‘ಎಂ’ ಅಲ್ಲಿ ಬಿಂದುವನ್ನು ಕಳೆದುಕೊಂಡು ಜೀವಂತವಾಗಿವೆ. ಬಾರಕೂರಿನ ಕತ್ತಲೆ ಬಸದಿಯಂಥ ಅವಶೇಷಗಳಿಂದ ತಿಳಿಯುವಂತೆ ಈ ಕರಾವಳಿಯಲ್ಲಿ ಒಮ್ಮೆ ಜೈನಧರ್ಮವು ಬಲವಾಗಿ ನೆಲಸಿತ್ತು. ಅಂಥ ಬಸದಿಗಳಲ್ಲಿ ಗ್ರಂಥವನ್ನು ಓದಿಸಿ ಕೇಳುತ್ತಿದ್ದ ಶ್ರಾವಕರು ‘ಎಂ’ ಎಂಬುದನ್ನು ಕಿವಿಯಿಂದಲೇ ಹಿಡಿಯುತ್ತಿದ್ದರೆಂದು ಭಾವಿಸಬಹುದು.

ಅದೇ ಸೀಮೆಯಲ್ಲಿ ಇಂದಿಗೂ ನಡೆಯುವ ತಾಳಮದ್ದಳೆಯು ಉತ್ತಮಪುರುಷ ನಿರೂಪಣೆಯ ಇನ್ನೊಂದು ಸಾಧ್ಯತೆಯನ್ನು ತೋರಿಸುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ, ಅರ್ಥಧಾರಿಯು ಕುಳಿತಲ್ಲಿಯೇ ಅದಕ್ಕೆ ಮಾತು ಕೊಡುತ್ತಾನೆ. ಪದದಲ್ಲಿ ಕವಿಯು ‘ಅವನು’ ಎಂದಿದ್ದರೂ ಅರ್ಥಧಾರಿಯ ಬಾಯಲ್ಲಿ ಅದು ‘ನಾನು’ ಆಗುತ್ತದೆ. ಕೌರವನು ತನ್ನ ಛಲವನ್ನು ತಾನೇ ಸಮರ್ಥಿಸಿಕೊಳ್ಳುತ್ತಾನೆ, ಕರ್ಣನು ತನ್ನ ನೋವನ್ನು ತಾನೇ ಆಡುತ್ತಾನೆ. ಭಾಮಹನ ಸಂಕೋಚವು ಇಲ್ಲಿ ಯಾರಿಗೂ ಇಲ್ಲ. ಹೇಳುವವನು ಬೇರೆ, ಹೇಳಲ್ಪಡುವವನು ಬೇರೆ ಎಂದು ಸಭೆಗೆ ಗೊತ್ತಿದೆ. ಆದರೆ ಅದೇ ಕಾರಣದಿಂದ ಆ ‘ನಾನು’ ಯಾವ ಪ್ರಾಯಶ್ಚಿತ್ತಕ್ಕೂ ಹೊಣೆಯಲ್ಲ. ಸಮರ್ಥನೆ ಅದರ ಸಹಜ ಸ್ವಭಾವ.

ಈ ಸೀಮೆಯವರೇ ಆದ, ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು 1968ರಲ್ಲಿ ಪ್ರಕಟಿಸಿದರು. ಅದಕ್ಕೆ 1977ರ ಜ್ಞಾನಪೀಠ
ಪ್ರಶಸ್ತಿ ಸಂದಿತು. ಮುಟ್ಟಿದ ವಸ್ತುವಿನ ಗತಕಾಲವನ್ನು ಕಾಣಬಲ್ಲ ಮುದುಕಿಯೊಬ್ಬಳು ಅದರ ಕೇಂದ್ರದಲ್ಲಿದ್ದಾಳೆ. ಆದರೆ ‘ನಾನು’ ಎಂದು ಕಥೆ ಹೇಳುವವನು ಅವಳಲ್ಲ, ಮೊಮ್ಮಗನಾದ ಸುಬ್ಬರಾಯ. ಅವಳ ಕಾಣ್ಕೆಯನ್ನು ಅವಧಿಜ್ಞಾನದ ಜಾತಿಗೆ ಸೇರಿಸಲು ಕಾರಂತರು ಒಪ್ಪುತ್ತಿರಲಿಲ್ಲವೇನೋ; ಅದು ಜಾತಿಸ್ಮರಣವಂತೂ ಅಲ್ಲ, ಏಕೆಂದರೆ ಅವಳು ಕಾಣುವುದು ತನ್ನ ಭವಗಳನ್ನಲ್ಲ, ಪರರ ಬಾಳನ್ನು. ನಮ್ಮ ಗಮನಕ್ಕೆ ಬರಬೇಕಾದುದು ಲೇಖಕರು ಆರಿಸಿದ ಬಾಯಿ ಯಾರದೆಂಬುದು. ಕಾಣುವವಳ ಬಾಯಲ್ಲೇ ಕಥೆಯನ್ನು ಇಟ್ಟಿದ್ದರೆ ಓದುಗನು ಅವಳನ್ನು ನಂಬಬೇಕು ಇಲ್ಲವೆ ಬಿಡಬೇಕು. ಕೇಳುವವನ ಬಾಯಲ್ಲಿ ಇಟ್ಟುದರಿಂದ ಸಂದೇಹಕ್ಕೂ ಜಾಗವಾಯಿತು, ಮರುಪ್ರಶ್ನೆಗೂ ಜಾಗವಾಯಿತು. ಪುರಾಣದ ಚೌಕಟ್ಟಿನಲ್ಲಿ ಶ್ರೇಣಿಕನು ಕೇಳಿ ಸುಮ್ಮನಾಗುತ್ತಾನೆ. ಗಣಧರರ ಮಾತು ಮಾತ್ರ ನಮಗೆ ತಲಪುತ್ತದೆ. ಇಲ್ಲಿ ಶ್ರೇಣಿಕನೇ ಲೇಖನಿಯನ್ನು ಹಿಡಿದು, ತಾನು ಕೇಳಿದುದನ್ನೂ ಕೇಳಿ ತನಗಾದುದನ್ನೂ ಬರೆದಂತಿದೆ.